ಹೆಸರಿಲ್ಲದ ಜಲಪಾತಕ್ಕೆ ಒಂದು ಹಗಲು

ನಕ್ಷೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಬೆಟ್ಟದ ನೆತ್ತಿಯಿಂದ ಒಂದು ತೆಳು ನೀಲಿ ಗೆರೆ ಇಳಿದು ಬರುತ್ತಿತ್ತು, ಅಷ್ಟೇ. ಆದರೆ ಒಂದು ಕಡೆ ಕಂದು ಬಣ್ಣದ ಕಾಂಟೂರ್ ಗೆರೆಗಳು ಒತ್ತೊತ್ತಾಗಿ ಬಂದು ಒಂದಕ್ಕೊಂದು ಅಂಟಿಕೊಂಡಿದ್ದವು. ನೀಲಿ ಗೆರೆ ಅವನ್ನೆಲ್ಲ ಅಡ್ಡಕ್ಕೆ ಸೀಳಿಕೊಂಡು ಕೆಳಗಿಳಿದಿತ್ತು. ಕಾಂಟೂರ್ ಗೆರೆ ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ. ನಮ್ಮ ನಕ್ಷೆಯಲ್ಲಿ ಒಂದು ಗೆರೆಗೂ ಮುಂದಿನ ಗೆರೆಗೂ 20 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳ ನಡುವೆ ಜಾಗ ಜಾಸ್ತಿ ಇದ್ದರೆ ನೆಲ ಸಪಾಟು. ಕಡಿಮೆ ಇದ್ದರೆ ಕಡಿದಾದ ಏರು. 1,000, 1,020, 1,040 ಮೀಟರ್‌ನ ಗೆರೆಗಳು ಮೂರೂ ಒಂದೇ ಕಡೆ ಕೂಡಿದ್ದವು. ಅಂದರೆ ಅಲ್ಲಿ ನೀರು ಹರಿಯುವುದಿಲ್ಲ, ಬೀಳುತ್ತದೆ.

ಉಪಗ್ರಹದ ಚಿತ್ರ ತೆಗೆದು ನೋಡಿದರೆ ಆ ಜಾಗದಲ್ಲಿ ಬರೀ ಕಪ್ಪು ನೆರಳು. ಕೊರಕಲು ಅಷ್ಟು ಆಳ. ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಯಾರು ಬೇಕಾದರೂ ನೋಡಬಹುದಾದಂಥವು. ಕೆಲವೇ ದಿನಕ್ಕೊಮ್ಮೆ ಹೊಸ ಚಿತ್ರ ಬರುತ್ತದೆ. ಆದರೆ ಅದರಲ್ಲಿ ಒಂದು ಚುಕ್ಕೆ ಅಂದರೆ 10 ಮೀಟರ್ ಅಗಲದ ನೆಲ. ನಾಲ್ಕೈದು ಮೀಟರ್ ಅಗಲದ ಹಳ್ಳ ಅದರಲ್ಲಿ ಕಾಣುವುದೇ ಇಲ್ಲ, ಮೇಲೆ ಮರಗಳ ತಲೆ ಬೇರೆ ಮುಚ್ಚಿರುತ್ತದೆ. ಹಾಗಾಗಿ ಚಿತ್ರ ನೋಡಿ ಜಲಪಾತ ಹುಡುಕುವ ಆಸೆ ಬಿಟ್ಟೆ. ಈ ಕೆಲಸಕ್ಕೆ ಕಾಂಟೂರ್ ಗೆರೆಗಳೇ ಗತಿ.

ಗೆರೆಗಳನ್ನೂ ಪೂರ್ತಿ ನಂಬುವ ಹಾಗಿಲ್ಲ. ಫೋನಿನ ನಕ್ಷೆಗಳಲ್ಲಿ ಬರುವ ಎತ್ತರದ ಮಾಹಿತಿಯಲ್ಲಿ ಎಷ್ಟೋ ಪಾಲು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಹಾರಾಡಿ ರೇಡಾರ್‌ನಿಂದ ಅಳೆದದ್ದು. ಭೂಮಿಯ ನೆಲದ ಸುಮಾರು 80 ಶೇಕಡಾ ಭಾಗವನ್ನು ಅದು ಅಳೆಯಿತು. ದೊಡ್ಡ ಕೆಲಸವೇ. ಆದರೆ ಅದರ ಒಂದೊಂದು ಅಳತೆಯೂ ಸುಮಾರು 30 ಮೀಟರ್ ಚೌಕದ್ದು. ದಟ್ಟ ಕಾಡಿನಲ್ಲಿ ರೇಡಾರ್ ನೆಲದ ತನಕ ಇಳಿಯದೆ ಮರಗಳ ತಲೆಯ ಹತ್ತಿರವೇ ತಿರುಗಿ ಬರುತ್ತದೆ. ಹಾಗಾಗಿ ನಕ್ಷೆಯಲ್ಲಿ ಚಿಕ್ಕಪುಟ್ಟ ಬಂಡೆಗೋಡೆಗಳು ಕರಗಿಹೋಗುತ್ತವೆ. ಇನ್ನೂ ಒಂದು ವಿಷಯ ಇದೆ. 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ 18 ಮೀಟರ್ ಎತ್ತರದ ನೆಟ್ಟಗಿನ ಗೋಡೆ ಇದ್ದರೂ ನಕ್ಷೆ ಅದನ್ನು ಹೇಳುವುದಿಲ್ಲ. ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಸುಮ್ನೆ ಖಾಲಿ ಜಾಗ. ಇದನ್ನು ಯೋಜನೆಯ ಪುಸ್ತಕದಲ್ಲಿ ದಪ್ಪಕ್ಕೆ ಬರೆದಿಟ್ಟುಕೊಂಡಿದ್ದೆ: ‘ಹಳ್ಳದಲ್ಲಿ ನಕ್ಷೆಗೆ ಗೊತ್ತಿಲ್ಲದ ಒಂದು ಗೋಡೆಯಾದರೂ ಇರುತ್ತದೆ. ಅದಕ್ಕೆ ಒಂದು ಗಂಟೆ ಇಡು.’

ಮುಂದಿನ ಪ್ರಶ್ನೆ, ಮೇಲಿನಿಂದ ಹೋಗುವುದೋ ಕೆಳಗಿನಿಂದಲೋ? ಮೇಲಿನ ದಾರಿ ಸುಲಭ ಕಾಣುತ್ತಿತ್ತು. ಬೆಟ್ಟದ ಬೆನ್ನಿನ ಮೇಲೆ ನಡೆದು, ಹಳ್ಳ ಸಿಕ್ಕ ಕೂಡಲೇ ಅದರ ಜೊತೆ ಸ್ವಲ್ಪ ಇಳಿದರೆ ಜಲಪಾತದ ತಲೆ. ಆದರೆ ತಲೆಯ ಮೇಲೆ ನಿಂತರೆ ಜಲಪಾತ ಕಾಣುವುದಿಲ್ಲ. ಕಾಣಬೇಕೆಂದು ಬಗ್ಗುವ ಜಾಗವೇ ಅತಿ ಕೆಟ್ಟದ್ದು. ನೀರು ಉಜ್ಜಿ ನುಣುಪು ಮಾಡಿದ ಬಂಡೆ, ಅದರ ಮೇಲೆ ಪಾಚಿ, ಅಂಚಿನ ಕಡೆಗೇ ಇಳಿಜಾರು. ಅಲ್ಲಿ ಒಂದು ಹೆಜ್ಜೆ ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಆ ದಾರಿ ಬೇಡ ಅಂತ ಮೊದಲ ದಿನವೇ ನಿರ್ಧರಿಸಿದೆವು.

ಕೆಳಗಿನ ದಾರಿ ಕಷ್ಟ. ಅದಕ್ಕೆ ಕಾರಣವೂ ಜಲಪಾತವೇ. ಗಟ್ಟಿ ಕಲ್ಲಿನ ಪದರದ ಕೆಳಗೆ ಮೆತ್ತನೆಯ ಕಲ್ಲು ಇದ್ದರೆ, ಬೀಳುವ ನೀರು ಮೆತ್ತನೆಯದನ್ನು ಬೇಗ ಕೊರೆಯುತ್ತದೆ. ಮೇಲಿನ ಗಟ್ಟಿ ಕಲ್ಲು ಆಧಾರ ಕಳೆದುಕೊಂಡು ಮುರಿದು ಬೀಳುತ್ತದೆ. ಹೀಗೆ ಸಾವಿರಾರು ವರ್ಷ ನಡೆದಾಗ ಜಲಪಾತ ತಾನೇ ಮೇಲಕ್ಕೆ, ನೀರು ಬರುವ ಕಡೆಗೆ ಸರಿಯುತ್ತಾ ಹೋಗುತ್ತದೆ. ಅದು ಸರಿದ ದಾರಿಯಲ್ಲಿ ಕಡಿದಾದ ಕೊರಕಲು ಉಳಿಯುತ್ತದೆ, ಕೊರಕಲಿನ ತುಂಬ ಮುರಿದು ಬಿದ್ದ ಬಂಡೆಗಳು. ಅಂದರೆ ಜಲಪಾತದ ಬುಡಕ್ಕೆ ಹೋಗುವವನು ಜಲಪಾತ ಮುರಿದು ಹಾಕಿದ ಕಲ್ಲುಗಳನ್ನು ಹತ್ತಿಯೇ ಹೋಗಬೇಕು. ಹತ್ತಿರವಾದಷ್ಟೂ ಬಂಡೆಗಳು ದೊಡ್ಡದಾಗುತ್ತವೆ, ನಡಿಗೆ ನಿಧಾನವಾಗುತ್ತದೆ.

ಆ ಕಾಡು ಯಾರ ಸುಪರ್ದಿಯಲ್ಲಿತ್ತೋ ಅವರನ್ನು ಕೇಳಿ ಒಪ್ಪಿಗೆ ಪಡೆದೆವು. ಅದರ ಕತೆ ಉದ್ದ, ರುಚಿಯಿಲ್ಲ. ಆದರೆ ಮೊದಲು ಮಾಡಬೇಕಾದ ಕೆಲಸ ಅದೇ. ಉಳಿದದ್ದೆಲ್ಲ ಅದರ ನಂತರ.

ಆಮೇಲೆ ಕೂತದ್ದು ಲೆಕ್ಕಕ್ಕೆ. ಕಾರು ನಿಲ್ಲಿಸುವ ಜಾಗದಿಂದ ಜಲಪಾತಕ್ಕೆ 9 ಕಿಲೋಮೀಟರ್. ಏರು ಒಟ್ಟು 700 ಮೀಟರ್. ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಒಂದು ಸೂತ್ರ ಈಗಲೂ ಬಳಕೆಯಲ್ಲಿದೆ. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ನಮಗೆ ಮೂರು ಗಂಟೆ ಸಾಕು. ಗೆಳೆಯನೊಬ್ಬ ಇದನ್ನು ನೋಡಿ ‘ಅಷ್ಟೇನಾ? ಹಾಗಾದ್ರೆ ನಿಧಾನಕ್ಕೆ ತಿಂಡಿ ತಿಂದು ಹೊರಡೋಣ’ ಅಂದ.

ನೈಸ್ಮಿತ್ ಹೇಳಿದ್ದು ಒಳ್ಳೆಯ ದಾರಿಯಲ್ಲಿ, ಗಟ್ಟಿಮುಟ್ಟಾದವರು, ನಿಲ್ಲದೆ ನಡೆಯುವ ಲೆಕ್ಕ. ನಮ್ಮ 9 ಕಿಲೋಮೀಟರಿನಲ್ಲಿ ಕಾಲುದಾರಿ ಇದ್ದದ್ದು ಆರೂವರೆ ಮಾತ್ರ. ಉಳಿದ ಎರಡೂವರೆ ಕಿಲೋಮೀಟರ್ ಹಳ್ಳದ ಒಳಗೇ ನಡೆಯಬೇಕು. ಅದಕ್ಕೇ ದಾರಿಯನ್ನು ಎರಡು ತುಂಡು ಮಾಡಿದೆ. ಕಾಲುದಾರಿಗೆ ನೈಸ್ಮಿತ್ ಲೆಕ್ಕ ಹಿಡಿದರೆ ಎರಡು ಗಂಟೆ ಚಿಲ್ಲರೆ, ನಿಂತು ನೀರು ಕುಡಿಯುವುದು ಸೇರಿ ಎರಡೂ ಮುಕ್ಕಾಲು. ಹಳ್ಳಕ್ಕೆ ಯಾವ ಸೂತ್ರವೂ ಇಲ್ಲ. ಬಂಡೆಗಳ ಮೇಲೆ ಗಂಟೆಗೆ ಒಂದು ಕಿಲೋಮೀಟರ್ ಹೋದರೆ ಅದೇ ಚೆನ್ನಾಗಿ ಹೋದ ಹಾಗೆ. ಅಲ್ಲಿಗೆ ಎರಡೂವರೆ ಗಂಟೆ. ಮೂರು ಗಂಟೆ ಇದ್ದದ್ದು ಐದೂಕಾಲು ಆಯಿತು. ಕಾಲು ಭಾಗದಷ್ಟಿರುವ ದೂರ ಹೆಚ್ಚುಕಡಿಮೆ ಅರ್ಧ ಹೊತ್ತನ್ನು ನುಂಗುತ್ತದೆ. ‘ಎಷ್ಟು ಕಿಲೋಮೀಟರ್?’ ಅಂತ ಕೇಳುವವರಿಗೆ ನಾನು ಕಿಲೋಮೀಟರ್ ಹೇಳುವುದನ್ನೇ ಬಿಟ್ಟೆ.

ಇಳಿಯುವಾಗ ಬೇಗ ಬರಬಹುದಲ್ವಾ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೈಸ್ಮಿತ್ ಲೆಕ್ಕಕ್ಕೆ ಆಮೇಲೆ ಎರಿಕ್ ಲ್ಯಾಂಗ್‌ಮ್ಯೂರ್ ಒಂದು ತಿದ್ದುಪಡಿ ಸೇರಿಸಿದ್ದರು. ಇಳಿಜಾರು ಸಣ್ಣದಿದ್ದರೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಿರಿ, 12 ಡಿಗ್ರಿಗಿಂತ ಕಡಿದಾಗಿದ್ದರೆ 10 ನಿಮಿಷ ಕೂಡಿಸಿ ಅಂತ. ಹಳ್ಳದಲ್ಲಂತೂ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಹತ್ತುವಾಗ ಕೈ ಮುಂದೆ ಇರುತ್ತದೆ, ಕಣ್ಣಿಗೆ ಕಲ್ಲು ಹತ್ತಿರ. ಇಳಿಯುವಾಗ ಕಾಲು ಎಲ್ಲಿ ಬೀಳುತ್ತದೆ ಅಂತ ಕಾಣುವುದಿಲ್ಲ, ಜೊತೆಗೆ ಕಾಲು ಸೋತಿರುತ್ತದೆ. ಹಳ್ಳದ ವಾಪಸಿಗೂ ಅದೇ ಎರಡೂವರೆ ಗಂಟೆ ಇಟ್ಟೆ.

ಈಗ ಗಡಿಯಾರವನ್ನು ಹಿಂದಿನಿಂದ ತಿರುಗಿಸಿದೆ. ಇಡೀ ಯೋಜನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಎಷ್ಟು ಹೊತ್ತಿಗೆ ಹೊರಡಬೇಕು ಎಂಬಲ್ಲಿಂದ ಶುರು ಮಾಡಿದರೆ ಆಕಳಿಕೆಗೂ ತಿಂಡಿಗೂ ರಿಯಾಯಿತಿ ಸಿಗುತ್ತಾ ಹೋಗುತ್ತದೆ. ಕತ್ತಲಿಗೆ ರಿಯಾಯಿತಿ ಇಲ್ಲ. ಆ ದಿನ ಸೂರ್ಯ ಮುಳುಗುವುದು 6:15ಕ್ಕೆ. ಒಂದು ಗಂಟೆ ಕೈಯಲ್ಲಿ ಉಳಿಯಬೇಕು, ಅಂದರೆ 5:15ಕ್ಕೆ ಕಾರಿನ ಹತ್ತಿರ ಇರಬೇಕು. ಕಾಲುದಾರಿ ಇಳಿಯಲು ಎರಡು ಗಂಟೆ, ಹಾಗಾದರೆ 3:15ಕ್ಕೆ ಹಳ್ಳದಿಂದ ಹೊರಗೆ. ಹಳ್ಳಕ್ಕೆ ಎರಡೂವರೆ ಗಂಟೆ, ಹಾಗಾದರೆ 12:45ಕ್ಕೆ ಜಲಪಾತ ಬಿಡಬೇಕು. ಅಲ್ಲಿ ಮುಕ್ಕಾಲು ಗಂಟೆ ಇರುವುದಾದರೆ 12 ಗಂಟೆಗೆ ತಲುಪಬೇಕು. ಅಲ್ಲಿಂದ ಐದೂಕಾಲು ಗಂಟೆ ಹಿಂದಕ್ಕೆ ಬಂದರೆ ಬೆಳಿಗ್ಗೆ 6:45. ನಾವು 6:30 ಅಂತ ಗೊತ್ತು ಮಾಡಿದೆವು.

ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅಂಕಿ 12:45. ಅಷ್ಟು ಹೊತ್ತಿಗೆ ಎಲ್ಲಿದ್ದೇವೋ ಅಲ್ಲಿಂದ ತಿರುಗುವುದು. ಜಲಪಾತದ ಸದ್ದು ಕೇಳುತ್ತಿದ್ದರೂ ಸರಿ, ಇನ್ನೊಂದು ತಿರುವು ಮಾತ್ರ ಬಾಕಿ ಅಂತ ಅನಿಸಿದರೂ ಸರಿ. ತಿಂಡಿಯ ಗೆಳೆಯ ಇದಕ್ಕೆ ಒಪ್ಪಲಿಲ್ಲ. ‘ಅಷ್ಟು ದೂರ ಹೋಗಿ ಹತ್ತು ನಿಮಿಷಕ್ಕೆ ವಾಪಸ್ ಬರೋದಾ?’ ಅಂತ ಜಗಳಕ್ಕೆ ಬಂದ. ಮನೆಯಲ್ಲಿ ಕೂತು ಜಗಳ ಆಡುವುದು ಒಳ್ಳೆಯದು ಅಂತ ಸುಮ್ಮನಿದ್ದೆ. ಹಳ್ಳದ ನಡುವೆ, ಸುಸ್ತಾಗಿ, ಆಸೆಯೂ ಇದ್ದಾಗ ಇದೇ ಜಗಳ ಆಡಿದರೆ ಆಸೆಯೇ ಗೆಲ್ಲುತ್ತದೆ. ಕೊನೆಗೆ ಅವನ ಕೈಯಲ್ಲೇ 12:45ಕ್ಕೆ ಅಲಾರಂ ಇಡಿಸಿದೆವು.

ನೀರಿನ ವಿಚಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡೆ. ಜಲಪಾತ ಚೆನ್ನಾಗಿ ಕಾಣಬೇಕಾದರೆ ಮಳೆ ಬೇಕು, ಹಳ್ಳದಲ್ಲಿ ನಡೆಯಬೇಕಾದರೆ ಮಳೆ ಇರಬಾರದು. ಮಳೆಗಾಲ ಮುಗಿದು ಸ್ವಲ್ಪ ದಿನ ಬಿಟ್ಟು ಹೋಗುವುದೇ ದಾರಿ. ನಕ್ಷೆಯಲ್ಲಿ ಹಳ್ಳದ ಸುತ್ತಲಿನ ಎತ್ತರದ ಏಣುಗಳನ್ನು ಪೆನ್ಸಿಲಿನಲ್ಲಿ ಜೋಡಿಸುತ್ತಾ ಹೋದೆ. ಆ ಗೆರೆಯ ಒಳಗೆ ಬಿದ್ದ ಮಳೆಯೆಲ್ಲ ನಮ್ಮ ಹಳ್ಳಕ್ಕೇ ಬರಬೇಕು. ಸುಮಾರು 6 ಚದರ ಕಿಲೋಮೀಟರ್ ಆಯಿತು. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಲಕ್ಷ ಲೀಟರ್ ನೀರು. ನಮ್ಮ 6 ಚದರ ಕಿಲೋಮೀಟರಿನಲ್ಲಿ 10 ಮಿಲಿಮೀಟರ್ ಸುರಿದರೆ 6 ಕೋಟಿ ಲೀಟರ್. ಎಲ್ಲವೂ ಹಳ್ಳಕ್ಕೆ ಬರುವುದಿಲ್ಲ, ಮಣ್ಣು ಕುಡಿಯುತ್ತದೆ, ಎಲೆ ಹಿಡಿಯುತ್ತದೆ. ಆದರೆ ಮಣ್ಣು ಆಗಲೇ ನೆನೆದು ಕೂತಿದ್ದರೆ ದೊಡ್ಡ ಪಾಲು ಬಂದೇ ಬರುತ್ತದೆ. ನಾವಿರುವಲ್ಲಿ ಬಿಸಿಲಿದ್ದು ಮೇಲೆ ನೆತ್ತಿಯಲ್ಲಿ ಮಳೆ ಸುರಿದರೂ ಅದು ಬರುವುದು ನಮ್ಮ ಕಾಲಿಗೇ. ಅದಕ್ಕೇ ಹವಾಮಾನ ನೋಡುವಾಗ ಕಾರು ನಿಲ್ಲಿಸುವ ಜಾಗವನ್ನಲ್ಲ, ಬೆಟ್ಟದ ನೆತ್ತಿಯನ್ನು ನೋಡುತ್ತಿದ್ದೆ.

ಮೊದಲು ಗೊತ್ತು ಮಾಡಿದ ದಿನವನ್ನು ಇದೇ ಕಾರಣಕ್ಕೆ ಕೈಬಿಟ್ಟೆವು. ಹಿಂದಿನ ಸಂಜೆ ನೆತ್ತಿಯ ಕಡೆ ಗುಡುಗು ಸಹಿತ ಮಳೆ ಅಂತ ಮುನ್ಸೂಚನೆ ಬಂತು. ಮರುದಿನ ನಾವಿದ್ದ ಕಡೆ ಆಕಾಶ ತೊಳೆದಿಟ್ಟಷ್ಟು ಶುಭ್ರವಾಗಿತ್ತು. ಎಲ್ಲರೂ ನನ್ನ ಮೇಲೆ ಸಿಟ್ಟಾದರು. ಆ ದಿನ ಹಳ್ಳದಲ್ಲಿ ಎಷ್ಟು ನೀರಿತ್ತೋ ನೋಡಿದವರಿಲ್ಲ. ಇಂಥ ನಿರ್ಧಾರಕ್ಕೆ ಸಾಕ್ಷಿ ಸಿಗುವುದಿಲ್ಲ, ಬೈಗುಳ ಮಾತ್ರ ಸಿಗುತ್ತದೆ.

ನಾಲ್ಕು ಜನ ಹೊರಟೆವು. ನಾಲ್ಕು ಅನ್ನುವುದಕ್ಕೆ ಕಾರಣ ಇದೆ. ಒಬ್ಬರಿಗೆ ಕಾಲು ಉಳುಕಿದರೆ ಒಬ್ಬರು ಜೊತೆಗೆ ಕೂರಬಹುದು, ಇಬ್ಬರು ಸಹಾಯ ಕರೆತರಲು ಹೋಗಬಹುದು. ಯಾರೂ ಒಂಟಿಯಾಗುವುದಿಲ್ಲ. ಮನೆಯಲ್ಲಿ ಉಳಿದ ಅಕ್ಕನ ಕೈಗೆ ಒಂದು ಹಾಳೆ ಕೊಟ್ಟಿದ್ದೆ. ಅದರಲ್ಲಿ ದಾರಿಯ ನಕ್ಷೆ, ಕಾರು ನಿಲ್ಲಿಸುವ ಜಾಗ, ನಾಲ್ವರ ನಂಬರು, ಯಾರು ಯಾವ ಬಣ್ಣದ ಅಂಗಿ ಹಾಕಿದ್ದಾರೆ ಎಲ್ಲ ಇತ್ತು. ಕೊನೆಯ ಸಾಲು: ‘ರಾತ್ರಿ 8ರ ತನಕ ಫೋನ್ ಬರದಿದ್ದರೆ ಕಾಯಬೇಡ, ಸಹಾಯಕ್ಕೆ ಕರೆ ಮಾಡು.’ 8 ಅಂತ ಸ್ಪಷ್ಟವಾಗಿ ಬರೆಯದಿದ್ದರೆ ಮನೆಯವರು ‘ಇನ್ನೊಂದು ಗಂಟೆ ನೋಡೋಣ’ ಅಂತ ಅಂದುಕೊಳ್ಳುತ್ತಲೇ ಇರುತ್ತಾರೆ.

ಸಾಮಾನಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ತಲೆಗೆ ಕಟ್ಟುವ ಟಾರ್ಚು ಪ್ರತಿಯೊಬ್ಬರಿಗೂ ಒಂದೊಂದು, ಇಬ್ಬರಿಗೆ ಒಂದು ಅಲ್ಲ. ಗಂಟೆಗೆ ಅರ್ಧ ಲೀಟರ್ ಲೆಕ್ಕದಲ್ಲಿ ಕಾಲುದಾರಿಗೆ ನೀರು, ಹಳ್ಳದಲ್ಲಿ ಸೋಸಿ ತುಂಬಿಸಲು ಫಿಲ್ಟರ್. ಒಣಬಟ್ಟೆ ಒಂದು ಜೊತೆ, ನೀರು ಹೋಗದ ಚೀಲದಲ್ಲಿ. ಸೀಟಿ. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ನಿಲ್ಲಿಸಿ ಮತ್ತೆ ಊದಿದರೆ ಅದು ಅಪಾಯದ ಕರೆ. ಶೂ ಮಾತ್ರ ದೊಡ್ಡ ಚರ್ಚೆಯಾಯಿತು. ನೀರು ಒಳಗೆ ಬರದ ಶೂ ಬೇಕು ಅಂತ ಇಬ್ಬರ ವಾದ. ಹಳ್ಳದಲ್ಲಿ ಮೊಣಕಾಲ ತನಕ ಇಳಿಯುವವರಿಗೆ ಅಂಥ ಶೂ ಏನು ಮಾಡುತ್ತದೆ? ಮೇಲಿನಿಂದ ಒಳಹೋದ ನೀರು ಹೊರಗೂ ಬರುವುದಿಲ್ಲ. ನಾನು ಬೇಗ ನೀರು ಬಸಿಯುವ ಹಗುರ ಶೂ ಹಾಕಿದೆ. ದಿನವಿಡೀ ಒದ್ದೆ ಕಾಲಿನಲ್ಲೇ ನಡೆಯುತ್ತೇನೆ ಅಂತ ಮೊದಲೇ ಒಪ್ಪಿಕೊಂಡರೆ ಕಲ್ಲಿಂದ ಕಲ್ಲಿಗೆ ಹಾರುವ ಆಸೆ ಹೋಗುತ್ತದೆ. ಹಳ್ಳದಲ್ಲಿ ಕಾಲು ಮುರಿಯುವುದು ಹಾರುವಾಗಲೇ.

ಹೊರಟ ದಿನ ಕಾಲುದಾರಿ ನಮ್ಮ ಲೆಕ್ಕಕ್ಕಿಂತ ಬೇಗ ಮುಗಿಯಿತು. 9 ಗಂಟೆಗೆ ಹಳ್ಳದ ಹತ್ತಿರ ಇದ್ದೆವು. ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ಇದು ಮೊದಲು ನೋಡಬೇಕಾದ್ದು. ನೀರು ಕೆಂಪಾಗಿದ್ದರೆ ಅಥವಾ ಎಲೆ ಕಡ್ಡಿ ತೇಲಿ ಬರುತ್ತಿದ್ದರೆ ಮೇಲೆಲ್ಲೋ ಮಳೆಯಾಗಿದೆ ಅಂತ ಅರ್ಥ. ದಡದ ಒಂದು ಬಂಡೆಗೆ ನೀರು ಮುಟ್ಟುವ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆವು. ಆ ಗೆರೆಯನ್ನು ವಾಪಸು ಬರುವಾಗ ನೋಡುವುದು ತಡವೇ. ಅದಕ್ಕೇ ಮೇಲೆ ಹೋಗುತ್ತಾ ಪ್ರತಿ ವಿಶ್ರಾಂತಿಗೂ ಹೊಸ ಗೆರೆ ಹಾಕಿ, ಹೊರಡುವ ಮೊದಲು ಅದನ್ನೇ ನೋಡುತ್ತಿದ್ದೆವು.

ಹಳ್ಳ ದಾಟುವಾಗ ಚೀಲದ ಸೊಂಟದ ಪಟ್ಟಿ ಬಿಚ್ಚಿಕೊಳ್ಳಬೇಕು. ಬಿದ್ದರೆ ಚೀಲ ಕಳಚಿಕೊಳ್ಳಬೇಕೇ ಹೊರತು ನಮ್ಮನ್ನು ಮುಳುಗಿಸಬಾರದು. ಕಿರಿದಾದ ಕಡೆ ದಾಟುವುದು ಸುಲಭ ಅಂತ ಕಾಣುತ್ತದೆ, ಆದರೆ ನೀರು ಆಳವಾಗಿ ಜೋರಾಗಿ ಹೋಗುವುದು ಅಲ್ಲೇ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನಾವು ಅಗಲವಾದ, ಮೊಣಕಾಲಿಗಿಂತ ಕೆಳಗೆ ನೀರಿರುವ ಕಡೆ ಮಾತ್ರ ದಾಟಿದೆವು. ಮುಖ ನೀರು ಬರುವ ಕಡೆಗೆ, ಕೈಯಲ್ಲಿ ಕೋಲು, ಪಕ್ಕಕ್ಕೆ ಸಣ್ಣ ಹೆಜ್ಜೆ.

ಸ್ವಲ್ಪ ಹೊತ್ತಿನಲ್ಲೇ ಫೋನಿನ ಜಿಪಿಎಸ್ ಹುಚ್ಚಾಟ ಶುರು ಮಾಡಿತು. ನಾವು ಹಳ್ಳದಲ್ಲಿದ್ದರೆ ಅದು ನಮ್ಮನ್ನು ಎದುರು ಗುಡ್ಡದ ಮೇಲೆ ತೋರಿಸುತ್ತಿತ್ತು. ಜಿಪಿಎಸ್‌ಗೆ ಕಡಿಮೆ ಅಂದರೂ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಕೊರಕಲಿನಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತದೆ, ಬರುವ ಸಂಕೇತವೂ ಬಂಡೆಗೋಡೆಗೆ ಬಡಿದು ಸುತ್ತಿ ಬರುತ್ತದೆ. ಇದಕ್ಕೆ ಒಂದು ಹಳೆಯ ಉಪಾಯ ಇದೆ, ನನಗೆ ತುಂಬ ಇಷ್ಟವಾದದ್ದು. ಹಳ್ಳ ಒಂದೇ ಗೆರೆ. ಆ ಗೆರೆಯ ಮೇಲೆ ಎಲ್ಲೋ ಇದ್ದೇವೆ ಅಂತ ಗೊತ್ತೇ ಇದೆ. ಎತ್ತರ ಎಷ್ಟು ಅಂತ ಗೊತ್ತಾದರೆ ಸಾಕು, ಜಾಗ ಸಿಕ್ಕಿದ ಹಾಗೆ. ನನ್ನ ಕೈಗಡಿಯಾರದಲ್ಲಿ ಗಾಳಿಯ ಒತ್ತಡದಿಂದ ಎತ್ತರ ಹೇಳುವ ಅಳತೆ ಇತ್ತು. ಹಳ್ಳ ಸೇರಿದ ಜಾಗದಲ್ಲಿ ನಕ್ಷೆ ನೋಡಿ ಅದನ್ನು 800 ಮೀಟರಿಗೆ ಸರಿ ಮಾಡಿಕೊಂಡಿದ್ದೆ. ಹವೆ ಬದಲಾದರೆ ಈ ಅಳತೆ ತಪ್ಪುತ್ತದೆ, ಹಾಗಾಗಿ ಗುರುತು ಸಿಗುವ ಜಾಗದಲ್ಲೆಲ್ಲ ಮತ್ತೆ ಸರಿ ಮಾಡಬೇಕು. 860ರಲ್ಲಿ ಬಲಗಡೆಯಿಂದ ಒಂದು ಸಣ್ಣ ತೊರೆ ಬಂದು ಸೇರಿತು. ನಕ್ಷೆಯಲ್ಲೂ ಅದು ಅಲ್ಲೇ ಇತ್ತು. ಫೋನನ್ನು ವಿಮಾನ ಮೋಡ್‌ನಲ್ಲಿ ಚೀಲಕ್ಕೆ ಹಾಕಿದೆ.

ಬಂಡೆಗಳ ಮೇಲೆ ನಡೆಯುತ್ತಾ ಬಣ್ಣ ಓದುವುದು ಅಭ್ಯಾಸವಾಯಿತು. ಬಿಳಿಚಿದ ಒಣ ಕಲ್ಲು ಹಿಡಿತ ಕೊಡುತ್ತದೆ. ಕಪ್ಪಗೆ ಹೊಳೆಯುವುದು ಜಾರುತ್ತದೆ. ಹಸಿರು ಕಂದು ಲೋಳೆ ಇರುವುದರ ಮೇಲೆ ಕಾಲಿಡುವುದಕ್ಕಿಂತ ಪಕ್ಕದ ನೀರಿಗೇ ಇಳಿಯುವುದು ವಾಸಿ. ಮಾತು ತಾನಾಗಿಯೇ ನಿಂತಿತ್ತು. ಮುಂದಿದ್ದವರು ‘ಅಲ್ಲಾಡುತ್ತೆ’ ಅಂತ ಒಂದು ಮಾತು ಹೇಳುವುದು, ಹಿಂದಿನವರು ಆ ಕಲ್ಲು ಬಿಡುವುದು.

940 ಮೀಟರಿನಲ್ಲಿ ಗೋಡೆ ಸಿಕ್ಕಿತು. ನಕ್ಷೆಯ ಎರಡು ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಸುಮಾರು 12 ಮೀಟರ್ ಎತ್ತರದ ನೆಟ್ಟಗಿನ ಬಂಡೆ, ಅದರ ಮೇಲಿಂದ ಹಳ್ಳ ಪೂರ್ತಿ ಬೀಳುತ್ತಿತ್ತು. ಆಗ 11:20. ತಿಂಡಿಯ ಗೆಳೆಯ ‘ಇದೇ ಜಲಪಾತ ಅಂತ ಹೇಳಿ ಊಟಕ್ಕೆ ಕೂರೋಣ್ವಾ?’ ಅಂದ. ಎತ್ತರ ಹೊಂದುತ್ತಿರಲಿಲ್ಲ. ನಮ್ಮದು ಇನ್ನೂ 60 ಮೀಟರ್ ಮೇಲಿತ್ತು. ಬಂಡೆ ಹತ್ತುವ ಮಾತೇ ಇಲ್ಲ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಕ್ಕೆ ಬರುವ ದಡದಲ್ಲಿ ಮರಗಳಿದ್ದ ಕಡಿದಾದ ಇಳಿಜಾರಿತ್ತು. (ಹಳ್ಳದಲ್ಲಿ ಎಡ ಬಲ ಹೇಳುವಾಗ ಯಾವಾಗಲೂ ಹೀಗೆ ಹೇಳಿ. ಇಲ್ಲದಿದ್ದರೆ ವಾಪಸು ಬರುವಾಗ ಜಗಳ ಗ್ಯಾರಂಟಿ.) ಅಲ್ಲಿ ಬೇರು ಹಿಡಿದುಕೊಂಡು ಹತ್ತಿ, ಗೋಡೆಯ ತಲೆಗಿಂತ ಮೇಲೆ ಹೋಗಿ, ಮತ್ತೆ ಹಳ್ಳಕ್ಕೆ ಇಳಿಯಬೇಕು.

ನಮ್ಮಲ್ಲೊಬ್ಬಳಿಗೆ ಮಂಡಿ ನೋವು ಶುರುವಾಗಿತ್ತು. ‘ಹತ್ತಬಲ್ಲೆ, ಆದರೆ ಇಳಿಯುವಾಗ ನಿಮ್ಮ ಸಮಯ ತಿನ್ನುತ್ತೇನೆ’ ಅಂದಳು. ಇಷ್ಟು ನೇರವಾಗಿ ಹೇಳುವವರು ಜೊತೆಗಿದ್ದರೆ ಅರ್ಧ ಯೋಜನೆ ಮುಗಿದಂತೆ. ಅವಳ ಜೊತೆ ಇನ್ನೊಬ್ಬ ಗೆಳೆಯ ಉಳಿದ. ಹಳ್ಳದ ಪಾತ್ರದಲ್ಲಲ್ಲ, ಹಳೆಯ ಪ್ರವಾಹದ ಕಸ ಸಿಕ್ಕಿಕೊಂಡಿದ್ದ ಕೊಂಬೆಗಳಿಗಿಂತ ಮೇಲೆ, ದಡದ ಮಟ್ಟಸ ಜಾಗದಲ್ಲಿ ಕೂತರು. 1:30ಕ್ಕೆ ಇಲ್ಲೇ ಸೇರುವುದು ಅಂತ ಮಾತಾಯಿತು. ನಾನೂ ತಿಂಡಿಯ ಗೆಳೆಯನೂ ಹತ್ತಿದೆವು. ನೂರು ಮೀಟರ್ ದೂರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹಿಡಿಯುವ ಮೊದಲು ಪ್ರತಿ ಬೇರನ್ನೂ ಎಳೆದು ನೋಡಬೇಕು. ಒಬ್ಬ ಹತ್ತುವಾಗ ಇನ್ನೊಬ್ಬ ನೇರ ಕೆಳಗೆ ನಿಲ್ಲಬಾರದು, ಕಲ್ಲು ಉರುಳಿ ಬರುತ್ತದೆ.

12:25ಕ್ಕೆ ಕೊರಕಲು ಬಲಕ್ಕೆ ತಿರುಗಿತು, ಅಲ್ಲಿತ್ತು. ನಾನು ಸದ್ದು ಬಹಳ ದೂರದಿಂದಲೇ ಕೇಳುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಕೆಳಗಿನ ಹಳ್ಳದ ಗಲಾಟೆ, ತಿರುವಿನ ಗೋಡೆ ಎರಡೂ ಸೇರಿ ಕೊನೆಯ ಹೆಜ್ಜೆಯವರೆಗೂ ಅದನ್ನು ಮುಚ್ಚಿಟ್ಟಿದ್ದವು. ತಿರುಗಿದ ಕೂಡಲೇ ಗಾಳಿಯೇ ಬೇರೆ. ತಣ್ಣಗೆ, ಒದ್ದೆಯಾಗಿ, ನಮ್ಮ ಕಡೆಗೇ ಬೀಸುತ್ತಿತ್ತು. ಬೀಳುವ ನೀರು ಜೊತೆಗೆ ಗಾಳಿಯನ್ನೂ ಎಳೆದು ತರುತ್ತದೆ, ಅದು ಬುಡಕ್ಕೆ ಬಡಿದು ಹೊರಕ್ಕೆ ನುಗ್ಗುತ್ತದೆ. ಗೋಡೆ ಪೂರ್ತಿ ಪಾಚಿ. ನೀರು ಎರಡು ಎಳೆಯಾಗಿ ಹೊರಟು ಅರ್ಧ ದಾರಿಯಲ್ಲಿ ಒಂದಾಗುತ್ತಿತ್ತು.

ಗೆಳೆಯ ಕೊಳಕ್ಕೆ ಇಳಿಯಬೇಕು ಅಂದ. ಇದು ಮೊದಲೇ ಬೇಡ ಅಂತ ಬರೆದುಕೊಂಡಿದ್ದ ವಿಷಯ. ನೀರು ಬೀಳುವ ಕಡೆ ಕೊಳ ಬೆಳ್ಳಗೆ ನೊರೆಯಾಗಿರುತ್ತದಲ್ಲ, ಅದರಲ್ಲಿ ಅರ್ಧ ಗಾಳಿಯ ಗುಳ್ಳೆ. ಅಂಥ ನೀರು ಹಗುರ, ನಮ್ಮನ್ನು ತೇಲಿಸುವುದಿಲ್ಲ. ಬಿದ್ದ ನೀರು ತಳಕ್ಕೆ ಹೋಗಿ ಸುತ್ತಿ ಮತ್ತೆ ಬೀಳುವ ಕಡೆಗೇ ಎಳೆಯುತ್ತದೆ. ಮೇಲಿನಿಂದ ಕಲ್ಲು ಬಂದರೆ ಹೇಳಿ ಬರುವುದಿಲ್ಲ. ದಡದಲ್ಲಿ ಕಾಲು ಇಳಿಬಿಟ್ಟು ಕೂತೆವು.

ಎತ್ತರ ಅಳೆಯುವ ಆಸೆ ಮಾತ್ರ ಬಿಡಲಾಗಲಿಲ್ಲ. ಮೇಲೆ ಅಂಚಿನಿಂದ ಹೊರಟ ನೀರಿನ ಒಂದು ಮುದ್ದೆಯನ್ನು ಕಣ್ಣಲ್ಲಿ ಹಿಡಿದು ಬುಡಕ್ಕೆ ಬರುವ ತನಕ ಫೋನಿನ ಗಡಿಯಾರದಲ್ಲಿ ಅಳೆದೆವು. ಸುಮಾರು ಮೂರು ಸೆಕೆಂಡು. ಸೆಕೆಂಡನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಐದರಿಂದ ಗುಣಿಸಿದರೆ ಮೀಟರ್‌ನಲ್ಲಿ ಎತ್ತರ. 45 ಬಂತು. ಒಡೆದ ನೀರನ್ನು ಗಾಳಿ ತಡೆಯುತ್ತದೆ, ಹಾಗಾಗಿ ನಿಜವಾದ ಎತ್ತರ ಇದಕ್ಕಿಂತ ಕಡಿಮೆಯೇ ಇರಬೇಕು. ಕಾಂಟೂರ್ ಗೆರೆ ಹೇಳಿದ್ದ 40ಕ್ಕೆ ಹತ್ತಿರ. ಮನೆಯ ಮೇಜಿನ ಮೇಲೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ ಜಾಗ ಇದೇ ಅಂತ ಆಗ ಪೂರ್ತಿ ನಂಬಿಕೆ ಬಂತು. ಜಲಪಾತ ನೋಡಿದ್ದಕ್ಕಿಂತ ಇದು ಜಾಸ್ತಿ ಖುಷಿ ಕೊಟ್ಟಿತು ಅಂದರೆ ಗೆಳೆಯ ನಗುತ್ತಾನೆ.

12:45ಕ್ಕೆ ಅಲಾರಂ ಹೊಡೆಯಿತು. ನೀರಿನ ಸದ್ದಿನಲ್ಲಿ ಕೇಳಲಿಲ್ಲ, ಅವನ ಜೇಬು ನಡುಗಿತು. ಎದ್ದು ಚೀಲ ಹಾಕಿಕೊಂಡ, ಜಗಳ ಆಡಲಿಲ್ಲ. ಇಪ್ಪತ್ತು ನಿಮಿಷ ಸಿಕ್ಕಿತ್ತು.

ವಾಪಸು ಬರುವಾಗ ಬೇರುಗಳ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿದೆವು, ಏಣಿ ಇಳಿಯುವ ಹಾಗೆ. ಕೆಳಗೆ ಇಬ್ಬರೂ ಕಾಯುತ್ತಿದ್ದರು. ಸೀಮೆಸುಣ್ಣದ ಗೆರೆಗಳು ಇದ್ದಲ್ಲೇ ಇದ್ದವು. ಮಧ್ಯಾಹ್ನ ಎರಡೂವರೆಗೆಲ್ಲ ಕೊರಕಲಿನಲ್ಲಿ ಬಿಸಿಲು ಇಲ್ಲವಾಯಿತು. ನೆತ್ತಿಯ ಮೇಲೆ ಇನ್ನೂ ಹಗಲು, ನಮ್ಮ ಕಾಲ ಕೆಳಗೆ ಆಗಲೇ ಸಂಜೆ. ಬೆಳಕು ಕಡಿಮೆಯಾದಾಗ ಒದ್ದೆ ಕಲ್ಲಿಗೂ ಒಣ ಕಲ್ಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೂರ್ಯ ಮುಳುಗುವ ಹೊತ್ತನ್ನು ಕ್ಯಾಲೆಂಡರ್ ನೋಡಿ ಬರೆದುಕೊಳ್ಳುವವರು ಕೊರಕಲಿಗೆ ಬೇರೆಯೇ ಸಂಜೆ ಇದೆ ಅಂತ ಸೇರಿಸಿಕೊಳ್ಳಬೇಕು. ಮಂಡಿ ನೋವಿನ ಗೆಳತಿ ಎರಡು ಕೋಲು ಹಿಡಿದು ನಮಗಿಂತ ಚೆನ್ನಾಗಿ ಇಳಿದಳು. 3:25ಕ್ಕೆ ಹಳ್ಳ ಬಿಟ್ಟೆವು, 5:25ಕ್ಕೆ ಕಾರು. ಫೋನಿಗೆ ಸಿಗ್ನಲ್ ಬಂದ ಕೂಡಲೇ ಅಕ್ಕನಿಗೆ ಸುದ್ದಿ ಹೋಯಿತು.

ಅಂದು ರಾತ್ರಿಯೇ ಯೋಜನೆಯ ಪುಸ್ತಕ ತಿದ್ದಿದೆ. 940ರ ಗೋಡೆ, ಅದನ್ನು ಸುತ್ತುವ ದಡ, ಹಿಡಿಯುವ ಹೊತ್ತು ಎಲ್ಲ ಬರೆದೆ. ಹೊರಡುವ ಸಮಯ 6:30 ಇದ್ದದ್ದನ್ನು 6 ಮಾಡಿದೆ. ಗೆಳೆಯನಿಗೆ ಫೋಟೋ ಜೊತೆ ಜಾಗವನ್ನೂ ಎಲ್ಲರಿಗೂ ತಿಳಿಸುವ ಆಸೆ. ನನಗೆ ಇಷ್ಟವಿರಲಿಲ್ಲ. ಆ ಬೇರಿನ ಇಳಿಜಾರು ದಿನಕ್ಕೆ ಐವತ್ತು ಜನ ಹತ್ತಿದರೆ ಒಂದು ಮಳೆಗಾಲದಲ್ಲಿ ಜಾರಿ ಹಳ್ಳಕ್ಕೆ ಬರುತ್ತದೆ. ಫೋಟೋ ನೋಡಿ ಬರುವವರು 12:45ರ ಲೆಕ್ಕ ನೋಡಿ ಬರುವುದಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಕೇಳಿದವರಿಗೆ ಮೊದಲು ಸಮಯದ ಪಟ್ಟಿ, ಆಮೇಲೆ ಕಾಂಟೂರ್ ನಕ್ಷೆ, ಎಲ್ಲಕ್ಕಿಂತ ಕೊನೆಗೆ ಫೋಟೋ. ಇಲ್ಲಿಯ ತನಕ ಕೇಳಿದವರಲ್ಲಿ ಹೆಚ್ಚಿನವರು ಬೆಳಿಗ್ಗೆ 6ಕ್ಕೆ ನಡೆಯಲು ಶುರು ಮಾಡಬೇಕು ಅಂದ ಕೂಡಲೇ, ಬೇರೆ ಯಾವುದಾದರೂ ಜಲಪಾತ ಇದೆಯಾ ಅಂತ ಕೇಳಿದ್ದಾರೆ.